ಗಣಾಚಾರವೂ ಶಾಲೆಯ ಮಕ್ಕಳೂ



ಅಷ್ಟಾವರಣಗಳು ವೀರಶೈವ ಧರ್ಮದ ಅಂಗ, ಪಂಚಾಚಾರಗಳು ಅದರ ಪ್ರಾಣ, ಷಟ್‌ಸ್ಥಲಗಳು ಅದರ ಆತ್ಮ ಎಂದು ಹಿರಿಯರು ಹೇಳುತ್ತ ಬಂದಿರುವರು. ಅಂಗವು ಎಷ್ಟು ಸುಂದರವಾಗಿದ್ದರೂ ಪ್ರಾಣವಿಲ್ಲದಿದ್ದರೆ ಅದು ಕಾಷ್ಠಕ್ಕೆ ಸಮಾನ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಎದೆಯಲ್ಲಿ ಲಿಂಗವಿದ್ದು ನಡೆಯಲ್ಲಿ ಆಚಾರವಿಲ್ಲದವನ ಸ್ಥಿತಿಯೂ ಅಂಥದೇ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂಬ ಐದರಲ್ಲಿ ಕೊನೆಯ ಎರಡನ್ನು ಗೃಹಸ್ಥರು ಇಂದು ವಿಶೇಷವಾಗಿ ಚಿಂತಿಸಬೇಕಾಗಿದೆ. ಶಿವನಿಗೂ ಶಿವಭಕ್ತರಿಗೂ ಒದಗಿದ ಅವಮಾನವನ್ನು ಕಂಡು ಸುಮ್ಮನಿರದಿರುವದು ಗಣಾಚಾರ. ಅಹಂಕಾರವನ್ನು ಬಿಟ್ಟು ಸೇವಕಭಾವದಿಂದ ಬಾಳುವದು ಭೃತ್ಯಾಚಾರ.

ಈ ಚಿಂತನೆಯನ್ನು ಶಾಲೆಯ ಅಂಗಳಕ್ಕೆ ಒಯ್ಯುವದು ಅವಶ್ಯವಾಗಿದೆ. 2022ನೆಯ ಇಸವಿಯ ಡಿಸೆಂಬರ ತಿಂಗಳಲ್ಲಿ ಗದಗ ಜಿಲ್ಲೆಯ ನರಗುಂದ ತಾಲೂಕಿನ ಹದಲಿ ಗ್ರಾಮದ ಸರಕಾರಿ ಶಾಲೆಯಲ್ಲಿ, ಅತಿಥಿ ಶಿಕ್ಷಕನೊಬ್ಬನು ನಾಲ್ಕನೆಯ ಇಯತ್ತೆಯ ಬಾಲಕನನ್ನು ಹೊಡೆದು ಮಾಳಿಗೆಯಿಂದ ಕೆಳಗೆ ಎಸೆದನೆಂಬ, ಬಾಲಕನು ಮೃತನಾದನೆಂಬ ವಾರ್ತೆಯನ್ನು ನಾಡೆಲ್ಲ ಕೇಳಿತು. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಬಾಲಕನೊಬ್ಬನು ಕ್ಷುಲ್ಲಕ ಜಗಳದಲ್ಲಿ ತನ್ನ ಗೆಳೆಯನನ್ನೇ ಚಾಕುವಿನಿಂದ ಇರಿದು ಕೊಂದನೆಂಬ ವಾರ್ತೆ ಬಂದಿತು. ಮೊದಲನೆಯದರಲ್ಲಿ ಕೈಯೆತ್ತಿದವನು ಕಲಿಸಬೇಕಾದವನು, ಎರಡನೆಯದರಲ್ಲಿ ಕಲಿಯಬೇಕಾದವನು. ಇಂಥ ಘಟನೆಗಳು ಒಂದೇ ದಿನದಲ್ಲಿ ಹುಟ್ಟುವದಿಲ್ಲ. ಬೀಜವು ಮೊಳೆಯುವಾಗ ಯಾರೂ ನೋಡುವದಿಲ್ಲ. ಮುಳ್ಳು ಕಾಲಿಗೆ ನಟ್ಟಾಗ ಮಾತ್ರ ಗಿಡವು ಕಣ್ಣಿಗೆ ಬೀಳುವದು.

ಆ ಬೀಜವನ್ನು ನೋಡಲು ಒಂದು ಪ್ರಸಂಗವನ್ನು ಮನಸ್ಸಿಗೆ ತಂದುಕೊಳ್ಳಿರಿ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ವಿದ್ಯೆಗಾಗಿ ಮಕ್ಕಳು ಮುಂಜಾನೆ ಮೋಟಾರು ಹತ್ತಿ ವಿಜಯಪುರಕ್ಕೆ ಬರುವರು. ಅಂಥ ಮೋಟಾರಿನಲ್ಲಿ ಒಂಬತ್ತನೆಯ ಇಯತ್ತೆಯವನೊಬ್ಬನು ಐದನೆಯ ಇಯತ್ತೆಯವನನ್ನು ದಿನವೂ ಕಾಡುವನು. ಇಂದು ಬುತ್ತಿಯನ್ನು ಕಸಿಯುವನು, ನಾಳೆ ಪುಸ್ತಕವನ್ನು ಹರಿಯುವನು, ನಾಡದು ಕೆನ್ನೆಗೆ ಹೊಡೆಯುವನು. ಚಿಕ್ಕವನು ಅಳುತ್ತ ಮನೆಗೆ ಬರುವನು. ಒಂದು ಮನೆಯ ತಂದೆಯು, “ಗಂಡಸ ಮಗ ಆಗಿ ಅಳತಿಯೇನು? ಅಂವ ಒಂದ ಹೊಡದ್ರ ನೀ ಎರಡ ಹೊಡದ ಬಾ” ಎನ್ನುವನು. ಇನ್ನೊಂದು ಮನೆಯ ತಂದೆಯು, “ದೊಡ್ಡವರ ಮನಿ ಹುಡುಗ ಅಂವ. ಸುಮ್ಮಕ ಇರು ತಮ್ಮಾ, ಯಾರ ಮುಂದೂ ಹೇಳಬ್ಯಾಡ” ಎನ್ನುವನು. ಮೊದಲಿನವನು ಮಗನಿಗೆ ಗಣಾಚಾರವನ್ನು ಕಲಿಸಿದೆನೆಂದು ತಿಳಿದಿರುವನು. ಎರಡನೆಯವನು ಭೃತ್ಯಾಚಾರವನ್ನು ಕಲಿಸಿದೆನೆಂದು ತಿಳಿದಿರುವನು. ಇಬ್ಬರೂ ಎರಡನ್ನೂ ಕಳೆದುಕೊಂಡರು.

ಹೇಗೆಂದರೆ, ಭೃತ್ಯಾಚಾರವಿಲ್ಲದ ಗಣಾಚಾರವು ಸೇಡಾಗುವದು. ಗಣಾಚಾರವಿಲ್ಲದ ಭೃತ್ಯಾಚಾರವು ಹೇಡಿತನವಾಗುವದು. ಸೇಡಿನ ಪಾಠ ಕಲಿತ ಬಾಲಕನು ನಾಳೆ ತನಗಿಂತ ಚಿಕ್ಕವನನ್ನು ಹುಡುಕುವನು. ಮೌನದ ಪಾಠ ಕಲಿತವನು ನೋವನ್ನು ಎದೆಯಲ್ಲಿ ಹೂಳಿಕೊಳ್ಳುವನು. ಅದು ಅನ್ನ ಸೇರದಿರುವದಾಗಿ, ನಿದ್ದೆ ಬಾರದಿರುವದಾಗಿ, ಶಾಲೆಯೆಂದರೆ ಹೊಟ್ಟೆನೋವಾಗಿ ಹೊರಗೆ ಬರುವದು. ಬಸವಾದಿ ಪ್ರಮಥರು ಕೊಲೆಯನ್ನು ನಿಷೇಧಿಸಿದಷ್ಟೇ ದೃಢವಾಗಿ ಕೋಪವನ್ನೂ ಪರನಿಂದೆಯನ್ನೂ ನಿಷೇಧಿಸಿರುವರು. ಕೋಪವು ಬೇರು, ಹಲ್ಲೆಯು ಫಲ ಎಂಬುದನ್ನು ಅವರು ಬಲ್ಲವರಾಗಿದ್ದರು. ಹೆಸರಿಟ್ಟು ಹೀಯಾಳಿಸುವದು, ಕುಲವನ್ನೆತ್ತಿ ಆಡುವದು, ಬಡತನವನ್ನು ನೋಡಿ ನಗುವದು ಇವೂ ಹೊಡೆತಗಳೇ. ಕೈಯ ಗಾಯವು ಮಾಯುವದು. ಮಾತಿನ ಗಾಯವು ಬೇಗ ಮಾಯದು.

ಹಾಗಾದರೆ ನಿಜವಾದ ಗಣಾಚಾರವು ಯಾವುದು? ಪೆಟ್ಟು ತಿಂದ ಮಗುವಿನ ಮಾತನ್ನು ಮೊದಲು ಪೂರ್ತಿಯಾಗಿ ಕೇಳುವದು. “ನೀನೇನು ಮಾಡಿದ್ದೆ?” ಎಂಬ ಪ್ರಶ್ನೆಯಿಂದ ಆರಂಭಿಸದಿರುವದು. ಮರುದಿನವೇ ಶಾಲೆಗೆ ಹೋಗಿ ಮುಖ್ಯಾಧ್ಯಾಪಕರಿಗೆ ಶಾಂತವಾಗಿ, ಸ್ಪಷ್ಟವಾಗಿ, ಬರವಣಿಗೆಯಲ್ಲಿ ತಿಳಿಸುವದು. ಮಗುವಿಗೆ ಅಪಾಯವಿದ್ದು ಯಾರೂ ಕೇಳದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ತಿಳಿಸುವದು. ಮನೆತನದ ಮರ್ಯಾದೆ ಹೋದೀತೆಂದು ಮುಚ್ಚಿಡುವದರಿಂದ ಮರ್ಯಾದೆ ಉಳಿಯುವದಿಲ್ಲ. ಮಗು ಮಾತ್ರ ಕುಗ್ಗುವದು. ಕಾಡಲ್ಪಡುವ ಮಗುವು ಯಾವ ಕುಲದ್ದು, ಇಷ್ಟಲಿಂಗವನ್ನು ಧರಿಸಿದೆಯೋ ಇಲ್ಲವೋ ಎಂದು ಶರಣನು ಕೇಳಲಾರನು. ಶಿವನಿಲ್ಲದ ಮಗುವುಂಟೇ?

ಇನ್ನು ಹೊಡೆದ ಬಾಲಕನ ತಂದೆತಾಯಿಗಳ ಮಾತು. ಇದೇ ಕಠಿಣವಾದ ಪರೀಕ್ಷೆ. ಶಾಲೆಯಿಂದ ಕರೆ ಬಂದಾಗ “ನನ್ನ ಮಗ ಅಂಥವನಲ್ಲ” ಎಂದು ವಾದಿಸುವದು ಸುಲಭ. ಮನೆಗೆ ಬಂದು ಅವನ ಬೆನ್ನ ಮೇಲೆ ಬಾರಕೋಲು ಎಳೆಯುವದೂ ಸುಲಭ. ಎರಡರಲ್ಲಿಯೂ ತಿದ್ದುಪಡಿಯಿಲ್ಲ. ಆಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ದಿನ ಲಕ್ಕಮ್ಮನು ಪತಿಯ ತಪ್ಪನ್ನು ಮುಚ್ಚಲಿಲ್ಲ, ಅವನನ್ನು ಊರ ಮುಂದೆ ಹೀನೈಸಲೂ ಇಲ್ಲ. ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ತಿಳಿಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು. ತಿದ್ದುವದೆಂದರೆ ಇದು. ತಪ್ಪನ್ನು ತಪ್ಪೆಂದು ಹೇಳಬೇಕು, ಕೆಟ್ಟುದನ್ನು ತಪ್ಪಿತಸ್ಥನ ಕೈಯಿಂದಲೇ ಸರಿಪಡಿಸಬೇಕು, ಅವನ ಮಾನವನ್ನು ಉಳಿಸಬೇಕು. ಪುಸ್ತಕ ಹರಿದವನು ತನ್ನ ಕೈಯಿಂದ ಅದನ್ನು ಬರೆದುಕೊಡಲಿ. ಬುತ್ತಿ ಕಸಿದವನು ತನ್ನ ಬುತ್ತಿಯನ್ನು ಹಂಚಿ ಉಣ್ಣಲಿ. ಆದರೆ ಪೆಟ್ಟು ತಿಂದವನ ಮನಸ್ಸು ಒಪ್ಪುವ ಮೊದಲೇ ಇಬ್ಬರ ಕೈಗಳನ್ನು ಒತ್ತಾಯದಿಂದ ಕೂಡಿಸಿ “ಮುಗಿಯಿತು” ಎನ್ನಬಾರದು. ಅದು ಸಂಧಿಯಲ್ಲ, ತೋರಿಕೆ.

ಇನ್ನೊಂದನ್ನು ಗೃಹಸ್ಥನು ತನ್ನೊಳಗೆ ಕೇಳಿಕೊಳ್ಳಬೇಕು: ಮಗನು ಕೈಯೆತ್ತುವದನ್ನು ಎಲ್ಲಿ ಕಲಿತನು? ತಂದೆಯು ತಾಯಿಯ ಮೇಲೆ, ಯಜಮಾನನು ಆಳಿನ ಮೇಲೆ ಕೈಯೆತ್ತುವ ಮನೆಯೇ ಬಾಲಕನ ಮೊದಲನೆಯ ಶಾಲೆ. ಅಲ್ಲಿ ಕಲಿತ ಪಾಠವನ್ನು ಅವನು ಮೋಟಾರಿನಲ್ಲಿ ಒಪ್ಪಿಸುವನು.

ಶಿಕ್ಷಕರಿಗೂ ಈ ಮಾತು ಸಲ್ಲುವದು. ಐದು ವರುಷ ಮುದ್ದು, ಮುಂದಿನ ಹತ್ತು ವರುಷ ತಾಡನ ಎಂಬ ಹಳೆಯ ನೀತಿಯನ್ನು ನೆನೆದು ಬೆತ್ತವನ್ನು ಸಮರ್ಥಿಸುವವರು ಇಂದಿಗೂ ಇರುವರು. ಆ ನೀತಿ ಹುಟ್ಟಿದ ಕಾಲ ಬೇರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಸ್ಪಷ್ಟವಾಗಿ ನಿಷೇಧಿಸಿದೆ. ಕಾಯಿದೆಯು ಹೇಳುವ ಮೊದಲೇ ಧರ್ಮವು ಇದನ್ನು ಹೇಳಬೇಕಾಗಿತ್ತು. ಗುರುವು ಅಷ್ಟಾವರಣಗಳಲ್ಲಿ ಮೊದಲನೆಯವನು, ಶಿಷ್ಯನ ತಲೆಯ ಮೇಲೆ ಹಸ್ತವಿಟ್ಟು ಲಿಂಗವನ್ನು ಕೊಡುವವನು. ಹಸ್ತಮಸ್ತಕಸಂಯೋಗದ ಆ ಕೈ ಹೊಡೆಯುವ ಕೈಯಾಗಬಹುದೇ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಬೆತ್ತ ಹಿಡಿದವರೂ ಹೇಳುವರು. ತಿಕೋಟಾ ಭಾಗದ ದ್ರಾಕ್ಷಿ ತೋಟಗಳನ್ನು ಅವರು ನೋಡಲಿ. ಎಳೆಯ ಬಳ್ಳಿಯನ್ನು ರೈತನು ಬಗ್ಗಿಸುವನು ನಿಜ; ಆದರೆ ಮೆತ್ತಗೆ ಹಿಡಿದು, ಸಡಿಲವಾದ ದಾರದಿಂದ ತಂತಿಗೆ ಕಟ್ಟಿ, ದಿನವೂ ನೋಡುತ್ತ ಬಗ್ಗಿಸುವನು. ಹೊಡೆದು ಬಗ್ಗಿಸ ಹೋದರೆ ಚಿಗುರು ಮುರಿಯುವದೇ ಹೊರತು ಹಣ್ಣು ಬಿಡದು.

ಮೆತ್ತಗಿನ ಮಾತಿಗೆ ಶಿಸ್ತು ಬರುವದೇ ಎಂಬ ಸಂದೇಹವು ಈ ಜಿಲ್ಲೆಯವರಿಗೆ ಬರಬಾರದು. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿ, 2023ರ ಜನವರಿ 2ರಂದು ದೇಹವನ್ನು ಬಿಟ್ಟ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಗಳಲ್ಲಿ ಸಾವಿರಾರು ಜನರು ಸದ್ದಿಲ್ಲದೆ ಕುಳಿತು ಕೇಳುತ್ತಿದ್ದುದನ್ನು ಇಲ್ಲಿಯವರು ಕಣ್ಣಾರೆ ಕಂಡಿರುವರು. ಅಲ್ಲಿ ಬೆತ್ತವಿರಲಿಲ್ಲ, ಗದರಿಕೆಯಿರಲಿಲ್ಲ. ಇದೇ ಊರಿನಲ್ಲಿ ಫ. ಗು. ಹಳಕಟ್ಟಿಯವರು ಮಕ್ಕಳ ವಿದ್ಯೆಗಾಗಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಕಟ್ಟಲು ಮುಂದಾದರು, ವಚನಗಳ ಓಲೆಗರಿಗಳನ್ನು ಹುಡುಕಿ ಅಚ್ಚು ಹಾಕಿಸಿದರು. ಶಾಲೆಯನ್ನೂ ವಚನವನ್ನೂ ಅವರು ಬೇರೆ ಬೇರೆಯೆಂದು ಎಣಿಸಲಿಲ್ಲ. ಆ ಎರಡನ್ನೂ ಪಡೆದವರ ಮಕ್ಕಳು ಶಾಲೆಗೆ ಅಂಜುತ್ತ ಹೋಗಬಾರದು.

ಆದುದರಿಂದ ಸಂಜೆ ಲಿಂಗಪೂಜೆಗೆ ಕುಳಿತಾಗ ಗೃಹಸ್ಥನು ಮಕ್ಕಳನ್ನು ಬಳಿಗೆ ಕರೆಯಲಿ. ಇಂದು ನಿನ್ನನ್ನು ಯಾರಾದರೂ ನೋಯಿಸಿದರೇ ಎಂದು ಒಮ್ಮೆ ಕೇಳಲಿ. ನೀನು ಯಾರನ್ನಾದರೂ ನೋಯಿಸಿದೆಯಾ ಎಂದು ಇನ್ನೊಮ್ಮೆ ಕೇಳಲಿ. ಮೊದಲನೆಯ ಪ್ರಶ್ನೆಯಲ್ಲಿ ಗಣಾಚಾರವಿದೆ, ಎರಡನೆಯದರಲ್ಲಿ ಭೃತ್ಯಾಚಾರವಿದೆ. ಉತ್ತರವು ಏನೇ ಬರಲಿ, ಕೇಳಿದ ತಂದೆಯ ಕೈ ಮೇಲೇಳದಿರಲಿ. ಅಂಗೈಯಲ್ಲಿ ಲಿಂಗವಿರುವಾಗ ಆ ಕೈಯಿಂದ ಯಾರನ್ನೂ ಹೊಡೆಯಲಾಗದು. ಪೂಜೆ ಮುಗಿದ ಮೇಲೂ ಅದು ಅದೇ ಕೈ ಎಂಬುದನ್ನು ಮರೆಯದಿರುವದೇ ಆಚಾರ.

ಸರ್ವರಿಗೂ ಸನ್ಮಂಗಲವಾಗಲಿ.