ಭಯವೂ ಜಾಗ್ರತೆಯೂ

ಅಂಟುಜಾಡ್ಯವು ಊರಿಗೆ ಬಂದಾಗ ಮನುಷ್ಯನು ತನ್ನ ಭಯದ ಪ್ರಕಾರ ನಡೆಯಬೇಕೋ, ತನ್ನ ಕರ್ತವ್ಯದ ಪ್ರಕಾರ ನಡೆಯಬೇಕೋ? ಭಯವಿದ್ದವನು ಜಾಗ್ರತೆಯಾಗಿರುವನು, ಭಯವಿಲ್ಲದವನಿಗೆ ಅದರ ಅಗತ್ಯವಿಲ್ಲ ಎಂದು ಹಲವರು ಹೇಳುವರು. ಆದರೆ ಇವೆರಡೂ ಒಂದೇ ಅಲ್ಲವೆಂಬದನ್ನು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳವರು ಕೊರೋನಾ ವ್ಯಾಧಿಯ ವರುಷಗಳಲ್ಲಿ ಕಣ್ಣಾರೆ ಕಂಡಿದ್ದಾರೆ. ಪ್ರಿಯ ವಾಚಕರು ಆ ಸಂಗತಿಯನ್ನು ಶಾಂತಮನಸ್ಸಿನಿಂದ ಯೋಚಿಸಬೇಕೆಂದು ಬೇಡುತ್ತೇನೆ.

ಹಿಂದೆ 1898ನೆಯ ಇಸವಿಯಲ್ಲಿ ಪ್ಲೇಗು ಮೈಸೂರು ಸಂಸ್ಥಾನದೊಳಗೆ ಬಂದಿತು. ಆ ಮೇಲೆ ಅನೇಕ ವರುಷ ಮರಳಿ ಮರಳಿ ಬರುತ್ತಿತ್ತು. ಆ ಜಾಡ್ಯಕ್ಕೆ ಒಂದು ಗುರುತಿತ್ತು. ಮನೆಯಲ್ಲಿ ಇಲಿ ಬಿದ್ದರೆ ಜನರು ಊರನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುತ್ತಿದ್ದರು. ಇಲಿಯ ಮೈಮೇಲಿನ ಚಿಗಟದಿಂದ ರೋಗವು ಹರಡುವದೆಂಬ ಶಾಸ್ತ್ರವನ್ನು ಅರಿಯದವರು ಸಹ ಈ ಗುರುತನ್ನು ಅರಿತಿದ್ದರು. ಆದಕಾರಣ ಭಯವು ಹುಟ್ಟಿದ ಸ್ಥಳದಲ್ಲಿಯೇ ಅಪಾಯವೂ ಇತ್ತು. ಕೊರೋನಾ ವ್ಯಾಧಿಗಾದರೋ ಅಂಥಾ ಗುರುತು ಇರಲಿಲ್ಲ. ಸೋಂಕು ತಗಲಿದವನು ಜ್ವರ ಕೆಮ್ಮುಗಳು ತೋರುವದಕ್ಕೆ ಎರಡು ದಿನ ಮುಂಚೆಯೇ ಅದನ್ನು ಇತರರಿಗೆ ಹರಡಬಲ್ಲನು. ಕೆಲವರಲ್ಲಿ ಯಾವ ಲಕ್ಷಣವೂ ಕಾಣುವದೇ ಇಲ್ಲ. ಹೀಗೆ ಅಪಾಯವು ಕಣ್ಣಿಗೆ ಬೀಳದೆ ಇದ್ದಾಗ ಮನಸ್ಸು ತನಗೆ ತೋಚಿದವರ ಕಡೆಗೆ ಬೆರಳು ತೋರಿಸುತ್ತದೆ.

ಅದು ಯಾರ ಕಡೆಗೆ ತೋರಿಸಿತು? 2020ನೆಯ ಮಾರ್ಚ್ 25ರಂದು, ಯುಗಾದಿ ಹಬ್ಬದ ದಿವಸವೇ, ದೇಶಕ್ಕೆಲ್ಲಾ ಲಾಕ್‌ಡೌನ್ ಆಯಿತು. ಅನೇಕ ಹಳ್ಳಿಗಳವರು ಊರ ದಾರಿಗೆ ಮುಳ್ಳು, ಕಲ್ಲು, ಮರದ ದಿಮ್ಮಿಗಳನ್ನು ಅಡ್ಡ ಹಾಕಿದರು. ಪಟ್ಟಣದಿಂದ ಮರಳಿದ ಊರ ಮಗನೇ ಅನ್ಯನಾದನು. ಆದರೆ ಬೇಲಿಯ ಒಳಗಡೆ ಅರಳೀಕಟ್ಟೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕೂತು ಎಲೆಯಡಿಕೆ ಹಂಚಿಕೊಳ್ಳುವದು ಎಷ್ಟೋ ಕಡೆ ನಿಲ್ಲಲಿಲ್ಲ. ನೆಂಟನ ಉಸಿರು ಪರದೇಶಿಯ ಉಸಿರಿಗಿಂತ ಶುದ್ಧವೆಂದು ಯಾವ ವೈದ್ಯನು ಹೇಳಿದನು? ಈ ರೋಗವು ನಾವು ಅಂಜುವವರಿಂದಲ್ಲ, ಹೆಚ್ಚಾಗಿ ನಾವು ಪ್ರೀತಿಸಿ ಹತ್ತಿರ ಕೂಡ್ರಿಸಿಕೊಳ್ಳುವವರಿಂದಲೇ ಬರುವಂಥದು. ಇದಲ್ಲದೆ, ರೋಗಿಯನ್ನೂ ಮನೆಮನೆಗೆ ನಡೆದು ವಿಚಾರಿಸುವ ಆಶಾ ಕಾರ್ಯಕರ್ತೆಯನ್ನೂ ಜನರು ದೂರ ಮಾಡಿದಲ್ಲೆಲ್ಲಾ, ಜ್ವರ ಬಂದವನು ಜ್ವರವನ್ನು ಮರೆಮಾಡಿದನು. ಹೀಗೆ ಭಯವೇ ರೋಗಕ್ಕೆ ಹಿತ್ತಲ ಬಾಗಿಲನ್ನು ತೆರೆಯಿತು.

ಇನ್ನೊಂದು ಸಂಗತಿ. ಆ ಮಾರ್ಚ್ ತಿಂಗಳ ಕಡೆಯಲ್ಲಿ ನಂಜನಗೂಡಿನ ಒಂದು ಔಷಧಿ ಕಾರ್ಖಾನೆಯ ಕೆಲಸಗಾರರಲ್ಲಿ ಸೋಂಕು ಹಬ್ಬಿತು. ಮೈಸೂರು ಜಿಲ್ಲೆಯಲ್ಲಿ ರೋಗಿಗಳು ಸುಮಾರು 90 ಮಂದಿಯಾದರು. ಸೋಂಕು ತಗಲಿದವರ ಬಳಿ ಇದ್ದವರನ್ನು ಹುಡುಕಿ ಪ್ರತ್ಯೇಕವಾಗಿ ಇರಿಸಿದರು. ಮೇ ತಿಂಗಳ ಮಧ್ಯದೊಳಗೆ ರೋಗಿಗಳೆಲ್ಲರೂ ಗುಣಹೊಂದಿದರು. ಆಗ ಹಲವರು, ಇಷ್ಟಕ್ಕೇ ಇಷ್ಟು ಗದ್ದಲವೇ ಎಂದರು. ಏರಿಯನ್ನು ಬಲಪಡಿಸಿದ ವರುಷ ಕೆರೆ ಒಡೆಯದಿದ್ದರೆ, ಮಣ್ಣು ಹಾಕಿದ್ದು ವ್ಯರ್ಥವಾಯಿತೆಂದು ಒಕ್ಕಲಿಗನು ಹೇಳುವನೇ? ಜಾಗ್ರತೆಯ ಫಲವು ಸಂಭವಿಸದೆ ಹೋದ ಕೇಡೇ ಆಗಿರುವದರಿಂದ ಅದು ಕಣ್ಣಿಗೆ ಕಾಣುವದಿಲ್ಲ. 2021ನೆಯ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಎರಡನೆಯ ಅಲೆಯು ಹಳ್ಳಿಗಳೊಳಗೂ ನುಗ್ಗಿದಾಗ, ಭಯವು ಇಳಿದುಹೋದರೂ ಅಪಾಯವು ಇಳಿದಿರಲಿಲ್ಲವೆಂದು ತಿಳಿದುಬಂತು.

ಇಲ್ಲಿ ಒಬ್ಬನು, “ನನ್ನ ಮೈ ಗಟ್ಟಿ, ಸತ್ತರೆ ನಾನು ಸಾಯುವೆನು, ಮಾಸ್ಕು ಹಾಕೆಂದು ನನಗೆ ಹೇಳುವದಕ್ಕೆ ನೀನು ಯಾರು?” ಎಂದು ಕೇಳಬಹುದು. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಬೇಯಿಸುವವರು ಇದಕ್ಕೆ ಉತ್ತರವನ್ನು ಬಲ್ಲರು. ಬ್ಯಾರನ್ನಿಗೆ ಬೆಂಕಿ ಹಾಕಿದವನು ರಾತ್ರಿಯೆಲ್ಲಾ ಎದ್ದು ಎದ್ದು ನೋಡುತ್ತಾನೆ. ಅವನು ತನ್ನ ಸೊಪ್ಪಿನ ವಿಷಯದಲ್ಲಿ ಧೈರ್ಯವಂತನಾಗಿರಬಹುದು. ಆದರೆ ಕಿಡಿಯು ಗಾಳಿಗೆ ಹಾರಿ ನೆರೆಯವಳ ಹುಲ್ಲಿನ ಮಾಡಿಗೆ ಬಿದ್ದರೆ ಅವನ ಧೈರ್ಯದಿಂದ ಆಕೆಗೆ ಏನು ಲಾಭ? ಸೋಂಕು ಅದೇ ರೀತಿಯದು. ಯುವಕನು ಮೂರು ದಿನ ಕೆಮ್ಮಿ ಎದ್ದು ನಡೆಯುವನು; ಅವನಿಂದ ಅದನ್ನು ಪಡೆದ ಮುದುಕಿಯಾಗಲಿ ಸಕ್ಕರೆ ಕಾಯಿಲೆಯವನಾಗಲಿ ಏಳದೆ ಹೋಗಬಹುದು. ಸ್ವಂತ ಪ್ರಾಣದ ವಿಷಯದಲ್ಲಿ ಧೈರ್ಯವು ಸದ್ಗುಣವಾಗಬಹುದು. ಪರರ ಪ್ರಾಣದ ವಿಷಯದಲ್ಲಿ ಅದು ಬರೀ ಅಲಕ್ಷ್ಯವೇ. ದೇವರು ಕಾಯುವನಾದ್ದರಿಂದ ಎಚ್ಚರ ಬೇಡವೆನ್ನುವವರೂ ಉಂಟು. ಅವರೂ ರಾತ್ರಿ ಕುರಿಹಟ್ಟಿಯ ಬಾಗಿಲನ್ನು ಹಾಕಿಯೇ ಮಲಗುತ್ತಾರಲ್ಲವೇ?

ಲಸಿಕೆಯ ಕಾರ್ಯವು 2021ನೆಯ ಜನವರಿ 16ರಂದು ದೇಶದಲ್ಲಿ ಆರಂಭವಾಯಿತು. ಕೋಟೆ ಸೀಮೆಯ ಹಾಡಿಗಳಲ್ಲಿ ಅನೇಕರು ಸೂಜಿಗೆ ಅಂಜಿದರು. ಪೇಟೆಯ ವಿದ್ಯಾವಂತರಲ್ಲಿಯೂ ಅಂಜಿದವರು ಕಡಿಮೆಯಲ್ಲ. ಇದು ಬರೀ ಮೂಢತನವಲ್ಲ. ಚುಚ್ಚಿದ ಮರುದಿನದ ಜ್ವರವು ಕಾಣುತ್ತದೆ, ಅದು ತಡೆದ ಮರಣವು ಕಾಣುವದಿಲ್ಲ. ಇಂಥವರನ್ನು ಹೀಯಾಳಿಸುವವನು ಅವರ ಭಯಕ್ಕೆ ಅವಮಾನವನ್ನೂ ಕೂಡಿಸುವನೇ ಹೊರತು ಅವರನ್ನು ಒಪ್ಪಿಸಲಾರನು. ತಿಳಿದವನು ಅವರ ಜಗಲಿಯ ಮೇಲೆ ಕೂತು, ಅವರ ಮಾತನ್ನು ಕೇಳಿ, ಅವರೆದುರಿಗೆ ತನ್ನ ತೋಳನ್ನು ಮೊದಲು ಒಡ್ಡತಕ್ಕದ್ದು.

2023ನೆಯ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಆ ತುರ್ತು ಪರಿಸ್ಥಿತಿಯು ಮುಗಿಯಿತೆಂದು ಸಾರಿತು. ಅಂದಿನ ಭಯವು ಈಗ ಕಥೆಯಾಗಿದೆ. ಆದರೆ ರೋಗಗಳ ಬರವು ನಿಲ್ಲಲಿಲ್ಲ. ಬಾವಲಿಯ ಗಡಿಯನ್ನು ದಾಟಿದರೆ ಸಿಕ್ಕುವ ಕೇರಳದಲ್ಲಿ 2018ರಿಂದ ಈಚೆಗೆ ನಿಪಾ ಜ್ವರವು ಒಂದಕ್ಕಿಂತ ಹೆಚ್ಚು ಸಾರಿ ಕಾಣಿಸಿಕೊಂಡಿತು. ಇನ್ನೊಂದು ಜಾಡ್ಯವು ಬಂದಾಗ ನಾವು, “ನನಗೆಷ್ಟು ಭಯವಾಗುತ್ತದೆ?” ಎಂದು ಕೇಳಿಕೊಳ್ಳದೆ, “ನನ್ನಿಂದ ಬಲಹೀನನಾದ ನೆರೆಯವನಿಗೆ ಏನಾದೀತು?” ಎಂದು ಕೇಳಿಕೊಳ್ಳೋಣ. ಜ್ವರ ಬಂದರೆ ಮರೆಮಾಡದೆ ಹೇಳುವದು, ಸಂತೆಗೂ ಮದುವೆಗೂ ಹೋಗದೆ ಮನೆಯಲ್ಲಿರುವದು, ಹಾಗೆ ಮನೆಯಲ್ಲಿರುವವನ ಹೊಸ್ತಿಲಿಗೆ ದಿನಕ್ಕೆರಡು ಸಾರಿ ಗಂಜಿಯನ್ನು ಮುಟ್ಟಿಸುವದು, ಇವು ಧೈರ್ಯವಂತನಿಗೂ ಅಂಜುಬುರುಕನಿಗೂ ಸಮವಾದ ಕರ್ತವ್ಯಗಳು. ರೋಗದಿಂದ ದೂರವಿರೋಣ, ರೋಗಿಯನ್ನು ದೂರ ಮಾಡದಿರೋಣ.