ಒಂದರಿಂದ ಏನಾಗುತ್ತದೆ?

ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಒಂದು ಪ್ರಶ್ನೆಯಿದೆ. ಕೇಳುವವಳು ಅವ್ವ. ವಯಸ್ಸು ಎಂಬತ್ತೇಳಾದರೂ ಮಗನಿಗೆ ತಾನೇ ಮುಂದೆ ಕುಳಿತು ಬಡಿಸದಿದ್ದರೆ ಅವಳಿಗೆ ಸಮಾಧಾನವಿಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದು ನಾನು 'ಸಾಕು' ಎಂದರೆ, ಕೈಯ ಸಂದಿಯಿಂದಲೇ ಹೋಳಿಗೆ ಜಾರಿಸಿ ಕೇಳುತ್ತಾಳೆ: "ಒಂದರಿಂದ ಏನಾಕ್ಕತಿ, ತಮ್ಮಾ?"

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಆದರೂ ಈ ಪ್ರಶ್ನೆಗೆ ಬಹಳ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಅವ್ವ ಹೇಳುವುದು ಸುಳ್ಳಲ್ಲ. ಒಂದು ಹೋಳಿಗೆಯಿಂದ ಏನೂ ಆಗುವುದಿಲ್ಲ. ಒಂದು ಹೋಳಿಗೆ ತಿಂದು ದಪ್ಪಗಾದ ಮನುಷ್ಯನನ್ನು ಯಾರೂ ಕಂಡಿಲ್ಲ. ಆದರೆ ಹೋಳಿಗೆ ತಿಂದೂ ತಿಂದೂ ದಪ್ಪಗಾದವನನ್ನು ನಾನು ಕನ್ನಡಿಯಲ್ಲಿ ದಿನವೂ ಕಂಡಿದ್ದೇನೆ. ಹಾಗಾದರೆ ತಪ್ಪು ಮಾಡಿದ ಹೋಳಿಗೆ ಯಾವುದು?

ಇದು ಬಹಳ ಹಳೆಯ ಪ್ರಶ್ನೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತಾರ್ಕಿಕ ಯೂಬುಲಿಡೀಸನ ಹೆಸರಿನಲ್ಲಿ ಒಂದು ಒಗಟು ಪ್ರಸಿದ್ಧವಾಗಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ: ಕಣದಲ್ಲಿ ಜೋಳದ ರಾಶಿ ಇದೆ. ಅದರಿಂದ ಒಂದು ಕಾಳು ತೆಗೆದರೆ ರಾಶಿ ರಾಶಿಯಾಗಿಯೇ ಉಳಿಯುತ್ತದೆ. ಇನ್ನೊಂದು ತೆಗೆದರೂ ಅಷ್ಟೆ. ಒಂದು ಕಾಳಿನಿಂದ ರಾಶಿಗೆ ಏನೂ ಆಗುವುದಿಲ್ಲವೆಂದರೆ, ಕಟ್ಟಕಡೆಗೆ ಒಂದೇ ಕಾಳು ಉಳಿದಾಗಲೂ ಅದನ್ನು ರಾಶಿಯೆನ್ನಬೇಕೆ? ಪಂಡಿತರು ಇದರ ಮೇಲೆ ಇಂದಿಗೂ ವಾದಿಸುತ್ತಾರೆ. ನಮ್ಮ ರೈತನಿಗೆ ಮಾತ್ರ ಈ ಗೊಂದಲವಿಲ್ಲ. ಗುಬ್ಬಿ ಒಯ್ಯುವುದು ಒಂದೊಂದೇ ಕಾಳು ಎಂದು ಗೊತ್ತಿದ್ದೇ ಅವನು ಕವಣೆ ಹಿಡಿದು ಕಾಯುತ್ತಾನೆ.

ನನ್ನ ರಾಶಿಯ ಲೆಕ್ಕವನ್ನು ನಾನು ಮಾಡಿ ನೋಡಿದ್ದು ನಿವೃತ್ತನಾದ ಮೇಲೆ. ಶಾಲೆಯಲ್ಲಿ ಮೂರು, ಮನೆಯಲ್ಲಿ ಎರಡು, ಒಟ್ಟು ದಿನಕ್ಕೆ ಐದು ಕಪ್ಪು ಚಹಾ. ಕಪ್ಪಿಗೆ ಎರಡು ಚಮಚ ಸಕ್ಕರೆ. ಚಮಚಕ್ಕೆ ಸುಮಾರು 5 ಗ್ರಾಂ ಹಿಡಿದರೆ ದಿನಕ್ಕೆ 50 ಗ್ರಾಂ, ವರ್ಷಕ್ಕೆ ಹದಿನೆಂಟು ಕಿಲೋ ಚಿಲ್ಲರೆ, ಇಪ್ಪತ್ತು ವರ್ಷಕ್ಕೆ 365 ಕಿಲೋ. ಐವತ್ತು ಕಿಲೋದ ಏಳು ಚೀಲ ಸಕ್ಕರೆ, ಮೇಲೆ ಹದಿನೈದು ಕಿಲೋ! ಆ ಏಳು ಚೀಲಗಳನ್ನು ಯಾರಾದರೂ ತಂದು ನಮ್ಮ ಪಡಸಾಲೆಯಲ್ಲಿ ಒಟ್ಟಿ, "ಇಷ್ಟನ್ನೂ ತಿನ್ನಬೇಕು" ಎಂದಿದ್ದರೆ ನಾನು ಊರು ಬಿಟ್ಟು ಓಡುತ್ತಿದ್ದೆ. ಚಮಚ ಚಮಚವಾಗಿ ಬಂದದ್ದರಿಂದ ನಗುನಗುತ್ತ ಕುಡಿದೆ. ಅದರ ಬಹುಭಾಗ ದಿನದ ದುಡಿಮೆಯಲ್ಲಿ ಉರಿದುಹೋಗಿದ್ದೀತು. ಉರಿಯದೆ ಉಳಿದದ್ದು ನನ್ನ ಹೊಟ್ಟೆಯ ಸುತ್ತ ತನ್ನ ಮನೆ ಕಟ್ಟಿಕೊಂಡಿತ್ತು.

ಈಗ ಅಣ್ಣನ ವಿಷಯ ಹೇಳಬೇಕು. ಹೇಳದೆ ಮುಂದೆ ಹೋದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ.

ಅಣ್ಣ ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ಕಿರಾಣಿ ಅಂಗಡಿ ಇಟ್ಟಿದ್ದ. ದೊಡ್ಡ ದೇಹ, ದೊಡ್ಡ ನಗು, ದೊಡ್ಡ ಮನಸ್ಸು. ಅವನ ಸಂಕಲ್ಪಗಳೂ ದೊಡ್ಡವೇ. 2009ರ ಯುಗಾದಿಯ ದಿನ, "ಇವತ್ತಿನಿಂದ ಒಪ್ಪತ್ತು ಊಟ, ಅನ್ನ ಇಲ್ಲ, ಸಿಹಿ ಇಲ್ಲ" ಎಂದು ದೇವರ ಮುಂದೆ ಹೇಳಿಕೊಂಡ. ಹೇಳಿದಂತೆ ನಡೆದ ಕೂಡ. ನಾಲ್ಕು ತಿಂಗಳಲ್ಲಿ 104 ಕಿಲೋದಿಂದ 86ಕ್ಕೆ ಇಳಿದ. ಓಣಿಯೆಲ್ಲ ಹೊಗಳಿತು. ದಸರೆಯಲ್ಲಿ ಒಂದು ದಿನ ವ್ರತ ತಪ್ಪಿತು. ತಪ್ಪಿದ ಮೇಲೆ ಉಳಿಸಿಕೊಳ್ಳುವುದೇನು ಎಂದು ಅವನಿಗೆ ಅನಿಸಿರಬೇಕು. ಮುಂದಿನ ಯುಗಾದಿಯ ಹೊತ್ತಿಗೆ ಕಳೆದುಕೊಂಡದ್ದೆಲ್ಲ ಬಡ್ಡಿಸಹಿತ ಬಂದಿತ್ತು. 2011ರಲ್ಲಿ ಮತ್ತೆ ಸಂಕಲ್ಪ, 2013ರಲ್ಲಿ ಮತ್ತೊಮ್ಮೆ. ಪ್ರತಿಸಲವೂ ಅದೇ ಕತೆ.

ಅದೇ ವರ್ಷ ನಮ್ಮ ಬೀಗರ ಮನೆಯ ಮದುವೆ. ಪಂಕ್ತಿಯಲ್ಲಿ ಅಣ್ಣ ಬಂದು ಕುಳಿತಾಗ ನಾನು ನಾಲ್ಕು ಮಂದಿಗೆ ಕೇಳುವಂತೆ ಕೂಗಿದೆ: "ಆರಂಭಶೂರರು ಬಂದ್ರು, ಇವರಿಗೆ ಎರಡು ಎಲಿ ಹಾಕ್ರಪ್ಪಾ!" ಪಂಕ್ತಿಯೆಲ್ಲ ನಕ್ಕಿತು. ಅಣ್ಣನೂ ನಕ್ಕ. ಆದರೆ ಅಂದು ಅವನು ಎರಡನೆಯ ಸಲ ಏನನ್ನೂ ಬಡಿಸಿಕೊಳ್ಳಲಿಲ್ಲ. ಆ ಮೇಲೆ ಅವನು ಸಂಕಲ್ಪ ಮಾಡಲೂ ಇಲ್ಲ, ತಕ್ಕಡಿಯ ಮೇಲೆ ನಿಲ್ಲಲೂ ಇಲ್ಲ. ವೈನಿ ಎಷ್ಟು ಹೇಳಿದರೂ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೆ ಮುಂದೆ ಹಾಕಿದ. 2016ರ ಒಂದು ಬೆಳಗಿನ ಜಾವ ಹೃದಯ ನಿಂತುಹೋಯಿತು. ಅರವತ್ತೊಂದು ವರ್ಷ.

ನನ್ನ ಒಂದು ಮಾತಿನಿಂದ ಅಣ್ಣ ಸತ್ತ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ದುಃಖದ ವೇಷದಲ್ಲಿರುವ ಅಹಂಕಾರವಾದೀತು. ಅವನ ದೇಹಕ್ಕೆ ಅದರದೇ ಕಾರಣಗಳಿದ್ದವು. ಆದರೆ ಒಂದು ಮಾತಿನಿಂದ ಏನಾಗುತ್ತದೆ ಎಂದುಕೊಂಡೇ ನಾನು ಆ ಮಾತು ಆಡಿದ್ದೆ. ಅಂಗಡಿಗೆ ಬರುವ ಗಿರಾಕಿಗಳು, ಬೀಗರು, ಗೆಳೆಯರು ಎಲ್ಲರೂ ಹಾಗೆಯೇ ಎಂದುಕೊಂಡು ಒಂದೊಂದು ಮಾತು ಆಡಿದ್ದರು. ಅದೂ ಒಂದು ರಾಶಿ. ಅದರಲ್ಲಿ ನನ್ನ ಕಾಳು ಯಾವುದೆಂದು ನನಗೆ ಗೊತ್ತು.

2018ರಲ್ಲಿ ನಿವೃತ್ತನಾದೆ. ಪೆನ್ಶನ್ ಕಾಗದಗಳ ಜೊತೆಗೆ ರಕ್ತ ಪರೀಕ್ಷೆಯ ಕಾಗದವೂ ಕೈಗೆ ಬಂತು. ತೂಕ 86 ಕಿಲೋ, ಉಪವಾಸದ ಸಕ್ಕರೆ 118. ಪರೀಕ್ಷಿಸಿದ ಡಾಕ್ಟರು ಹಿಂದೊಮ್ಮೆ ನನ್ನ ಹತ್ತಿರವೇ ಬೀಜಗಣಿತ ಕಲಿತ ಹುಡುಗಿ. "ಇನ್ನೂ ಸಕ್ಕರಿ ಕಾಯಿಲೆ ಅಲ್ರಿ ಸರ್, ಹೊಸ್ತಿಲ ಮ್ಯಾಲೆ ನಿಂತೀರಿ" ಎಂದಳು. ನನ್ನೊಳಗಿನ ಅಣ್ಣ ಎಚ್ಚರಗೊಂಡ. ನಾಳೆಯಿಂದಲೇ ಎಲ್ಲ ಬಿಟ್ಟುಬಿಡುತ್ತೇನೆ ಎಂದೆ. ಅವಳು ಪೆನ್ನು ಕೆಳಗಿಟ್ಟಳು. "ಒಮ್ಮೆಲೇ ಏನೂ ಬಿಡಬ್ಯಾಡ್ರಿ ಸರ್. ಹಂಗ ಬಿಟ್ಟದ್ದು ತಿರುಗಿ ಬರತೈತಿ. ಸಾಯೂತನಕಾ ಮಾಡಾಕ ಆಗುವಂಥಾದ್ದು ಒಂದು ಏನರ ಇದ್ರ, ಅಷ್ಟ ಮಾಡ್ರಿ." ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ವಿಷಯವನ್ನೂ ಅವಳೇ ಹೇಳಿದಳು. ನನ್ನಂತೆ ಹೊಸ್ತಿಲ ಮೇಲೆ ನಿಂತವರಿಗೆ ಅಲ್ಲಿ ಇಟ್ಟ ಗುರಿ, ತೂಕದಲ್ಲಿ ನೂರಕ್ಕೆ ಏಳು ಭಾಗ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು, ಇಷ್ಟೇ. ಆ ದಾರಿ ಹಿಡಿದವರ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವ ಪ್ರಮಾಣ ಬರೀ ಹುಸಿಗುಳಿಗೆ ಪಡೆದವರಿಗಿಂತ ನೂರಕ್ಕೆ 58ರಷ್ಟು ಕಡಿಮೆಯಾಗಿತ್ತು. ನನ್ನ ಲೆಕ್ಕಕ್ಕೆ ಏಳು ಭಾಗವೆಂದರೆ ಆರು ಕಿಲೋ. ಅಣ್ಣ ಒಂದೂವರೆ ತಿಂಗಳಲ್ಲಿ ಇಳಿಸುತ್ತಿದ್ದಷ್ಟು!

ನನ್ನ ಒಂದು ಎಂದರೆ ಸಕ್ಕರೆಯ ಚಮಚ. ಮೊದಲ ತಿಂಗಳು ಎರಡು ಚಮಚ ಒಂದೂವರೆಯಾಯಿತು. ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ, ನನ್ನ ನಾಲಿಗೆಗೂ ತಿಳಿಯಲಿಲ್ಲ. ಮುಂದೆ ಒಂದಾಯಿತು. ವರ್ಷ ಮುಗಿಯುವ ಹೊತ್ತಿಗೆ ಅರ್ಧ. ಈಗ ಬೇರೆಯವರ ಮನೆಯ ಚಹಾ ನನಗೆ ಪಾನಕದಂತೆ ತೋರುತ್ತದೆ. ಇದು ರೂಢಿಯಾದ ಮೇಲೆಯೇ ಎರಡನೆಯದಕ್ಕೆ ಕೈಹಾಕಿದೆ. ಊಟಕ್ಕೆ ಕುಳಿತಾಗ ಮೊದಲು ಪಚಡಿ, ಪಲ್ಯ, ಆಮೇಲೆ ರೊಟ್ಟಿ, ಕೊನೆಗೆ ಅನ್ನ, ಒಂದು ಸೌಟು ಕಡಿಮೆ. ಮೂರನೆಯದು, ಕಾಯಿಪಲ್ಲೆ ತರಲು ಸ್ಕೂಟರಿನ ಬದಲು ಕಾಲು. ನಾಲ್ಕನೆಯದು, ರಾತ್ರಿ ಒಂಬತ್ತೂವರೆಯ ಊಟ ಎಂಟಕ್ಕೆ. ಇವುಗಳಲ್ಲಿ ಯಾವುದನ್ನೂ ನಾಲ್ಕು ಮಂದಿಗೆ ಹೇಳಿಕೊಂಡು ಹೊಗಳಿಸಿಕೊಳ್ಳುವಂತಿರಲಿಲ್ಲ. ಅದೇ ಅವುಗಳ ದೊಡ್ಡ ಗುಣ.

ಮೊದಲ ವರ್ಷ ಐದು ಕಿಲೋ ಇಳಿಯಿತು. ಆಮೇಲೆ ಐದು ತಿಂಗಳು ತಕ್ಕಡಿಯ ಮುಳ್ಳು ಅಲುಗಲಿಲ್ಲ. ದೇಹ ಹಗುರಾದಂತೆ ಅದರ ಖರ್ಚೂ ಕಡಿಮೆಯಾಗುತ್ತದೆ. ಹಾಗಾಗಿ ಮೊದಲ ವರ್ಷದ ಲೆಕ್ಕ ಎರಡನೆಯ ವರ್ಷಕ್ಕೆ ಹೊಂದುವುದಿಲ್ಲ. ಇಳಿಯದ ತೂಕ ಏರದ ತೂಕವೂ ಹೌದೆಂದು ಸಮಾಧಾನ ತಂದುಕೊಂಡೆ. 2020ರ ಲಾಕ್‌ಡೌನಿನಲ್ಲಿ ನಡಿಗೆ ನಿಂತು ಎರಡು ಕಿಲೋ ಮರಳಿ ಬಂತು. ಮಾಳಿಗೆಯ ಮೇಲೆ ಸುತ್ತು ಹಾಕತೊಡಗಿದೆ. 2021ರ ಜೂನಿನಲ್ಲಿ ತೂಕ 75. ಮೂರು ವರ್ಷಕ್ಕೆ ಹನ್ನೊಂದು ಕಿಲೋ, ಅಂದರೆ ತಿಂಗಳಿಗೆ ಸರಾಸರಿ 300 ಗ್ರಾಂ. ಇಂದಿಗೂ ಒಂದು ಕಿಲೋ ಹಿಂದೆಮುಂದೆ ಅಲ್ಲಿಯೇ ಇದ್ದೇನೆ.

ಈ ನಡುವೆ ಓದಿದ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿತು. 1944–45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯಿಂದಲೇ, ಆರು ತಿಂಗಳ ಕಾಲ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದ. ಅವರೇನು ಚಂಚಲ ಮನಸ್ಸಿನವರಲ್ಲ. ಆತ್ಮಸಾಕ್ಷಿಗಾಗಿ ಯುದ್ಧಕ್ಕೆ ಹೋಗಲು ಒಪ್ಪದಿದ್ದವರು. ಅಂಥವರೂ ಹಗಲಿರುಳು ಊಟದ ಮಾತನ್ನೇ ಆಡತೊಡಗಿದರು, ಅಡುಗೆ ಪುಸ್ತಕಗಳನ್ನು ಕೂಡಿಟ್ಟುಕೊಂಡು ಓದತೊಡಗಿದರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಾಗ ಎಷ್ಟು ತಿಂದರೂ ಹಲವರಿಗೆ ತೃಪ್ತಿಯಾಗಲಿಲ್ಲ. ಕಳೆದುಕೊಂಡ ಕೊಬ್ಬು ಮೊದಲಿಗಿಂತ ಹೆಚ್ಚಾಗಿಯೇ ಮರಳಿತು.

ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ನಾವು ಅಣ್ಣನ ಮನಸ್ಸು ದುರ್ಬಲವೆಂದುಕೊಂಡಿದ್ದೆವು. ಅವನು ನಾಲ್ಕು ತಿಂಗಳು ಹಸಿವಿನೊಡನೆ ಒಬ್ಬನೇ ಬಡಿದಾಡಿದ್ದ. ನನಗಿಂತ ಹತ್ತು ಪಟ್ಟು ಗಟ್ಟಿ ಮನಸ್ಸಿನವನು ಅವನು. ನನ್ನ ಅರ್ಧ ಚಮಚಕ್ಕೆ ಯಾವ ಶೌರ್ಯವೂ ಬೇಕಿರಲಿಲ್ಲ.

ಹಾಗಾದರೆ ಇದರಲ್ಲಿ ನೀತಿಯ ಮಾತೇನು ಬಂತು, ಇದು ಬರೀ ಜಾಣತನವಲ್ಲವೆ ಎಂದು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ನಮ್ಮಲ್ಲಿ ತ್ಯಾಗವೆಂದರೆ ಕಷ್ಟಪಡಲೇಬೇಕು, ನೋಯದೆ ಮಾಡಿದ್ದು ತ್ಯಾಗವಲ್ಲ ಎಂಬ ಭಾವನೆಯಿದೆ. ಆದರೆ ಭಗವದ್ಗೀತೆಯ ಆರನೆಯ ಅಧ್ಯಾಯ, ಅತಿಯಾಗಿ ಉಣ್ಣುವವನ ಜೊತೆಗೇ ಏನೂ ಉಣ್ಣದವನನ್ನೂ ಯೋಗದಿಂದ ಹೊರಗಿಡುತ್ತದೆ. ಅರಿಸ್ಟಾಟಲನ ಪ್ರಕಾರ ನ್ಯಾಯವಾದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ. ಸದ್ಗುಣ ಮೊದಲು ಬಂದು ಆಮೇಲೆ ರೂಢಿ ಬರುವುದಲ್ಲ. ರೂಢಿಯೇ ಗಟ್ಟಿಗೊಂಡು ಸದ್ಗುಣವಾಗುವುದು.

ವ್ರತಕ್ಕೂ ರೂಢಿಗೂ ನನಗೆ ಕಂಡ ವ್ಯತ್ಯಾಸ ಇದು: ವ್ರತ ಒಂದು ದಿನ ತಪ್ಪಿದರೆ ಮುರಿಯುತ್ತದೆ. ರೂಢಿ ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಯುತ್ತದೆ. ಒಂದು ಹೋಳಿಗೆಯಿಂದ ಏನೂ ಆಗುವುದಿಲ್ಲ ಎಂಬ ಅವ್ವನ ಮಾತು ನಿಜವಾದರೆ, ಒಂದು ಸಲ ತಪ್ಪಿದ್ದರಿಂದಲೂ ಏನೂ ಆಗುವುದಿಲ್ಲ. ದಸರೆಯ ಮರುದಿನ ಯಾರಾದರೂ ಅಣ್ಣನಿಗೆ ಇಷ್ಟು ಹೇಳಬೇಕಾಗಿತ್ತು. ಹೇಳಬೇಕಾದವನು ನಾನು.

ತೂಕ ಇಳಿಸಿದವನಿಗೆ ಒಂದು ಹೊಸ ರೋಗ ಬರುತ್ತದೆ: ಮಂದಿಯ ತಾಟು ನೋಡುವ ರೋಗ. ನನಗೂ ಬಂದಿತ್ತು. ನನಗೆ ಪೆನ್ಶನ್ ಇದೆ, ಹೊತ್ತಿದೆ, ಪಚಡಿ ಹೆಚ್ಚಿಕೊಡುವ ಹೆಂಡತಿ ಇದ್ದಾಳೆ. ರಾತ್ರಿ ಹತ್ತಕ್ಕೆ ಅಂಗಡಿಯ ಬಾಗಿಲು ಹಾಕುವವನಿಗೆ ಎಂಟು ಗಂಟೆಯ ಊಟ ಎಲ್ಲಿಂದ ಬರಬೇಕು? ದೇಹಗಳೂ ಒಂದೇ ತೆರನಾಗಿರುವುದಿಲ್ಲ. ನನಗೆ ಒಲಿದ ದಾರಿ ಎಲ್ಲರಿಗೂ ಒಲಿಯಬೇಕೆಂದು ಯಾವ ಗಣಿತವೂ ಹೇಳುವುದಿಲ್ಲ. ಅದಕ್ಕೇ ಈಗ ಪಂಕ್ತಿಯಲ್ಲಿ ನನ್ನ ತಾಟಿನ ಮೇಲಷ್ಟೇ ಕಣ್ಣಿಡುತ್ತೇನೆ. ಚಮಚ ಬಿಟ್ಟದ್ದಕ್ಕಿಂತ ಇದೇ ನನಗೆ ಕಠಿಣವಾಯಿತು. ನಾಲಿಗೆಗೆ ಎರಡು ಕೆಲಸ. ಎರಡರಲ್ಲೂ ಒಂದೊಂದೇ ಕಡಿಮೆ ಮಾಡಬೇಕು.

ಈ ವರ್ಷದ ಹೋಳಿಹುಣ್ಣಿಮೆಯ ದಿನ ಅವ್ವ ಎಂದಿನಂತೆ ಹೋಳಿಗೆಯ ಬುಟ್ಟಿ ಹಿಡಿದು ಎದುರಿಗೆ ಕುಳಿತಳು. ಒಂದು ಉಂಡಿದ್ದೆ. ಇನ್ನೊಂದು ಕೈಗೆತ್ತಿಕೊಂಡಳು. ನಾನು ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಹೋಳಿಗೆಯನ್ನು ನಡುವೆ ಹರಿದು, "ಅರ್ಧಾ ಹಾಕ್ತೀನಿ, ಬ್ಯಾಡ ಅನಬ್ಯಾಡ" ಎಂದಳು. ಉಳಿದರ್ಧವನ್ನು ಬುಟ್ಟಿಗೆ ಇಡುತ್ತ, ತನಗೆ ತಾನೇ ಹೇಳಿಕೊಂಡಂತೆ ಮೆಲ್ಲಗೆ ಅಂದಳು: "ನಿಮ್ಮಣ್ಣಗೂ ಹಿಂಗ ಅರ್ಧಾನ ಹಾಕಬೇಕಾಗಿತ್ತು ನಾ."

ಅವಳಿಗೂ ತನ್ನ ಕಾಳು ಗೊತ್ತಿತ್ತು. ನಾನು ಕೈ ತೆಗೆದೆ. ತುಪ್ಪ ಹಾಕಿಸಿಕೊಂಡು ಆ ಅರ್ಧವನ್ನು ಉಂಡೆ.