ಇಟ್ಟಿಗೆಯ ಕಾಲುದಾರಿ ಮತ್ತು ಶ್ರಾವಕನ ಮಿತಿ

ಕಮಲಾಪುರ ತಾಲೂಕಿನ ಮಹಾಗಾಂವ ಇರುವ ಕಲಬುರಗಿ ಸೀಮೆಯು ಎರೆಮಣ್ಣಿಗೆ ಹೆಸರಾದುದು. ಮಳೆಗಾಲದಲ್ಲಿ ಆ ಮಣ್ಣು ಉಬ್ಬಿ ಪಾದಕ್ಕಂಟುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರುಕುಬಿಡುತ್ತದೆ. ವೃದ್ಧ ತಾಯಿ ಜಾರಿ ಬೀಳಬಾರದೆಂದು ಅಲ್ಲಿನ ಗೃಹಸ್ಥನೊಬ್ಬನು ಹಿತ್ತಲಿನಲ್ಲಿ ಇಟ್ಟಿಗೆಯ ಕಾಲುದಾರಿಯನ್ನು ಹಾಕಿಸಬಯಸಿದನೆಂದು ಭಾವಿಸೋಣ. ತಾಯಿಯ ರಕ್ಷಣೆಗಾಗಿ ನೆಲದ ಜೀವಿಗಳನ್ನು ಕದಲಿಸುವುದು ಧರ್ಮಸಮ್ಮತವೇ? ಪ್ರಶ್ನೆ ಚಿಕ್ಕದಾದರೂ ಅಹಿಂಸಾಣುವ್ರತದ ಮರ್ಮವನ್ನು ಮುಟ್ಟುವಂತಹುದು.

ಸುಟ್ಟ ಇಟ್ಟಿಗೆ ನಿರ್ಜೀವ ನಿಜ. ಆದರೆ ಅದರ ಹುಟ್ಟಿನಲ್ಲಿ ಐದೂ ಸ್ಥಾವರಕಾಯಗಳು ನೊಂದಿವೆ. ಅಗೆದ ಮಣ್ಣು ಪೃಥ್ವೀಕಾಯ, ಕಲಸಿದ ನೀರು ಅಪ್ಕಾಯ, ಆರಿಸಿದ ಗಾಳಿ ವಾಯುಕಾಯ, ಸುಟ್ಟ ಬೆಂಕಿ ತೇಜಸ್ಕಾಯ, ಭಟ್ಟಿಯ ಸೌದೆ ವನಸ್ಪತಿಕಾಯ. "ನಾನು ಸುಡಲಿಲ್ಲ, ಕೊಂಡೆನಷ್ಟೆ" ಎಂದು ಶ್ರಾವಕನು ಕೈತೊಳೆದುಕೊಳ್ಳುವಂತಿಲ್ಲ. ಸಂರಂಭ, ಸಮಾರಂಭ, ಆರಂಭಗಳು ಮೂರು; ಮನ, ವಚನ, ಕಾಯಗಳು ಮೂರು; ಕೃತ, ಕಾರಿತ, ಅನುಮೋದನೆಗಳು ಮೂರು; ಕಷಾಯಗಳು ನಾಲ್ಕು. ಗುಣಿಸಿದರೆ 108. ತತ್ತ್ವಾರ್ಥಸೂತ್ರದ ಈ ಲೆಕ್ಕದಲ್ಲಿ ಮಾಡಿಸಿದವನಿಗೂ ಒಪ್ಪಿದವನಿಗೂ ಖಾತೆಯುಂಟು.

ಹಾಗಾದರೆ ದಾರಿಯೇ ಬೇಡವೆನ್ನಬೇಕೆ? ಬೇಕಿಲ್ಲ. ಗೃಹಸ್ಥನು ಬಿಡಲೇಬೇಕಾದುದು ಸಂಕಲ್ಪೀ ಹಿಂಸೆ. ಆರಂಭೀ ಹಿಂಸೆಯನ್ನು ಆತನು ಪೂರ್ಣವಾಗಿ ಬಿಡಲಾರ, ಎಚ್ಚರದಿಂದ ತಗ್ಗಿಸಬಲ್ಲ. ದಾರಿಯಿಲ್ಲದ ಹಿತ್ತಲಿನಲ್ಲಿ ಹೆಜ್ಜೆಗೊಂದು ದಾರಿ, ಹಸಿರೆಲ್ಲವೂ ತುಳಿತಕ್ಕೊಳಗಾಗುತ್ತದೆ. ಮುನಿಗಳು ನಾಲ್ಕು ಕೈ ಮುಂದೆ ನೋಡುತ್ತ ಪ್ರಾಸುಕ ಮಾರ್ಗದಲ್ಲಿ ನಡೆಯುವುದೂ ಇದೇ ಕಾರಣಕ್ಕೆ. ಹುಲ್ಲಿನಲ್ಲಿ ಕಾಣದ ಇರುವೆ ಇಟ್ಟಿಗೆಯ ಮೇಲೆ ಕಾಣುತ್ತದೆ.

ಆದರೆ ಅವಶ್ಯಕತೆಗೆ ಅಳತೆಯಿರಬೇಕು. 19 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಇಟ್ಟಿಗೆಗಳು ಸಂದು ಸೇರಿ ಚದರ ಮೀಟರಿಗೆ ಸುಮಾರು 50 ಬೇಕು. 20 ಮೀಟರ್ ಉದ್ದದ ದಾರಿಯು ಒಂದು ಮೀಟರ್ ಅಗಲವಿದ್ದರೆ 1000, 60 ಸೆಂಟಿಮೀಟರ್ ಇದ್ದರೆ 600. ಉಳಿದ 400 ಯಾರಿಗಾಗಿ? ತಾಯಿಯನ್ನು ಕೈಹಿಡಿದು ನಡೆಸಬೇಕಾದರೆ ಅವು ಸಾರ್ಥಕ. ನೆರೆಯವರ ಕಣ್ಣಿಗಾಗಿಯಾದರೆ ಅನರ್ಥದಂಡ. ಅಗಲ ಒಂದೇ, ಭಾವ ಬೇರೆ. ಕೆಡವಿದ ಮನೆಯ ಹಳೆಯ ಇಟ್ಟಿಗೆ ದೊರೆತರೆ ಹೊಸ ಭಟ್ಟಿಯ ಬೆಂಕಿಯೂ ತಪ್ಪೀತು. ಜಿಲ್ಲೆಯಲ್ಲಿಯೇ ಸಿಗುವ ಶಹಾಬಾದ ಕಲ್ಲಿಗೂ ಬೆಂಕಿ ಬೇಡ. ಆದರೆ ನುಣುಪು ಮಾಡಿದ ಕಲ್ಲು ನೆನೆದಾಗ ಜಾರುತ್ತದೆ, ಗಣಿಯ ಅಗೆತವೂ ಹಿಂಸೆಯೇ.

ಕಾಲವೂ ವಿಚಾರಣೀಯ. ಚಾತುರ್ಮಾಸದ ಸ್ವಾಗತಕ್ಕೆಂದು ಬಸದಿಯ ಅಂಗಳವನ್ನು ಆಷಾಢದ ಮಳೆಯಲ್ಲಿ ಅಗೆಸುವುದು ವಿಪರೀತ. ಜೀವೋತ್ಪತ್ತಿ ಹೆಚ್ಚುವುದರಿಂದಲೇ ಮುನಿಗಳು ಆಗ ವಿಹಾರ ನಿಲ್ಲಿಸುತ್ತಾರೆ. ಅವರಿಗಾಗಿ ನಾವು ಗುದ್ದಲಿ ಹಿಡಿಯುವುದೇ? ಒಣಗಾಲದಲ್ಲಿ ಬಿರುಕುಗಳನ್ನು ಪರೀಕ್ಷಿಸಿ, ಜೀವಿಗಳು ಸರಿಯಲು ಅವಕಾಶವಿತ್ತು ಅಗೆಯಬೇಕು. ಉಬ್ಬುವ ಎರೆಯ ಮೇಲೆ ಮೊರಂ ಹಾಸಿ ದಮ್ಮಸು ಮಾಡಿ, ಮರಳಿನ ಮೇಲೆ ಇಟ್ಟಿಗೆ ಕೂಡಿಸಿ, ಸಂದಿಗೂ ಮರಳನ್ನೇ ತುಂಬಿದರೆ ಮಳೆನೀರು ನೆಲಕ್ಕಿಳಿಯುತ್ತದೆ. ಮುಂದೆ ಆ ಸಂದಿನಲ್ಲಿ ಇರುವೆ ಗೂಡು ಕಟ್ಟಿತೆಂದು ವಿಷ ಸುರಿದರೆ, ಅಲ್ಲಿಯವರೆಗೆ ಆರಂಭಿಯಾಗಿದ್ದ ಹಿಂಸೆ ಆ ಕ್ಷಣವೇ ಸಂಕಲ್ಪಿಯಾಗುತ್ತದೆ.

ದಿಗ್ವ್ರತವು ದಿಕ್ಕುಗಳಿಗೆ ಗಡಿ ಹಾಕುವಂತೆ ಕಾಲುದಾರಿಯು ಪಾದಗಳಿಗೆ ಗಡಿ ಹಾಕಬೇಕು. ದಾರಿ ಹಾಕಿಸಿದ ಮೇಲೂ ಹುಲ್ಲನ್ನು ತುಳಿಯುವವನು ಹಿಂಸೆಯ ಸಾಲವನ್ನು ಮಾಡಿ ತೀರಿಸದೆ ಉಳಿದವನು. ದಾರಿಯಲ್ಲಿಯೇ, ನೋಡಿ ನಡೆಯುವವನು ಅದನ್ನು ಹೆಜ್ಜೆಹೆಜ್ಜೆಗೂ ತೀರಿಸುತ್ತಾನೆ.